ಮೂರನೆಯ ದಾರ

1979ರ ಮೇ ತಿಂಗಳ ಕೊನೆಯಲ್ಲಿ, ಒಂದು ಭಾನುವಾರ ಸಂಜೆ, ಜಕ್ಕೂರಿನಿಂದ ಯಲಹಂಕದ ಕಡೆಗಿರುವ ಒಂದು ಸಣ್ಣ ಕೆರೆಯ ದಡದಿಂದ ನನ್ನ ಭಾವ ರಾಮಚಂದ್ರ ಕಾಣೆಯಾದರು. ಅವರ ಚಪ್ಪಲಿಗಳು ನೀರಿನ ಅಂಚಿನಲ್ಲಿದ್ದವು. ಗಾಳದ ಕೋಲು ಕವೆಗೋಲಿನ ಮೇಲೆ ಒರಗಿತ್ತು.

ಇಂಥ ಘಟನೆಗಳನ್ನು ನಾನು ನಂಬುವವನಲ್ಲ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಸತ್ತವರು ಕನಸಿನಲ್ಲಿ ಬಂದು ಒಡವೆ ಇಟ್ಟ ಜಾಗ ಹೇಳಿದರು, ಹಸು ಬಾಗಿಲಿಗೆ ಬಂದು ಕರೆಯಿತು ಎಂಬಂಥ ಸುದ್ದಿಗಳು ನಮ್ಮ ಮೇಜಿಗೆ ಆಗಾಗ ಬರುತ್ತಿದ್ದವು. ಯಾರು ನೋಡಿದರು, ಅವರಲ್ಲದೆ ಇನ್ನಾರು ನೋಡಿದರು, ಎಂದು ಎರಡು ಪ್ರಶ್ನೆ ಕೇಳುತ್ತಿದ್ದೆ. ಎರಡನೆಯದಕ್ಕೆ ಉತ್ತರ ಇರುತ್ತಿರಲಿಲ್ಲ. ಹಾಳೆ ಬುಟ್ಟಿಗೆ ಹೋಗುತ್ತಿತ್ತು. ಈ ಘಟನೆಯಲ್ಲಿ ಎರಡನೆಯ ಪ್ರಶ್ನೆಗೂ ಉತ್ತರವಿದೆ. ಆದರೂ ಇದನ್ನು ಇಷ್ಟು ವರ್ಷ ಬರೆಯದೆ ಇದ್ದುದಕ್ಕೆ ಕಾರಣ, ಬರೆದ ಮೇಲೆ ಓದುಗರು ಕೇಳುವ ಮೂರನೆಯ ಪ್ರಶ್ನೆ: ಅದು ಹೇಗಾಯಿತು? ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಭಾವ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಕ್ಕ ಸರೋಜ ಮತ್ತು ಅವರು ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು; ನಾನೂ ಆಗ ಅವರ ಜೊತೆಯಲ್ಲೇ ಇದ್ದೆ. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಆ ಬೇಸಿಗೆಯಲ್ಲಿ ಅಕ್ಕ ತುಂಬಿದ ಬಸುರಿ. ಭಾನುವಾರ ಗಾಳ ಹಾಕುವುದು ಭಾವನ ಒಂದೇ ಹವ್ಯಾಸ. ನನ್ನನ್ನೂ ಹೆಬ್ಬಾಳದ ನನ್ನ ಗೆಳೆಯ ವೇಣುವನ್ನೂ ಅದಕ್ಕೆ ಹಚ್ಚಿದವರು ಅವರೇ.

ಅವರ ಜೊತೆ ಗಾಳ ಹಾಕುವುದಕ್ಕೆ ಒಂದು ನಿಯಮವಿತ್ತು. ಬೆಳಿಗ್ಗೆ ಕೆರೆ ದಡಕ್ಕೆ ಬಂದ ಕೂಡಲೆ ಅವರು ಜೇಬಿನಿಂದ ಗೋಣಿದಾರದ ತುಂಡುಗಳನ್ನು ತೆಗೆದು ಒಬ್ಬೊಬ್ಬರಿಗೆ ಮೂರು ಕೊಡುತ್ತಿದ್ದರು. ಹಿಡಿದ ಮೀನಿನ ಬಾಯಿಯೊಳಗಿಂದ ದಾರ ಪೋಣಿಸಿ, ನೀರಿನಲ್ಲಿ ನೆಟ್ಟ ಗೂಟಕ್ಕೆ ಕಟ್ಟಬೇಕು. ಹೊರಡುವವರೆಗೂ ಮೀನು ನೀರಿನಲ್ಲೇ ಜೀವಂತವಾಗಿರುತ್ತದೆ. ಮೂರು ದಾರ ಮುಗಿದರೆ ಕೋಲು ಸುತ್ತಿಡಬೇಕು. ಗೇಣುದ್ದಕ್ಕಿಂತ ಸಣ್ಣದಿದ್ದರೆ ವಾಪಸ್. ಮೊಟ್ಟೆ ತುಂಬಿದ್ದರೆ ವಾಪಸ್. ವಾಪಸ್ ಬಿಡುವಾಗಲೂ ಎಸೆಯುವಂತಿಲ್ಲ; ಕೈ ಒದ್ದೆ ಮಾಡಿಕೊಂಡು, ನೀರಿನೊಳಗೆ ಹಿಡಿದು, ಅದು ತಾನಾಗಿ ಜಾರಿಹೋಗುವವರೆಗೆ ಕಾಯಬೇಕು. ಕೋಲು ಬಿಟ್ಟು ಎದ್ದು ಹೋಗುವವನು ಎರೆ ತೆಗೆದು ಕೊಕ್ಕೆ ಬರಿದು ಮಾಡಿ ಹೋಗಬೇಕು. ಇಲ್ಲದಿದ್ದರೆ ಯಾರೂ ಇಲ್ಲದಾಗ ಮೀನು ನುಂಗಿ ಒದ್ದಾಡಿ ಸಾಯುತ್ತದೆ.

ಭಾವ ಕಟ್ಟುವ ಗಂಟು ಬೇರೆ. ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ತೋರುಬೆರಳಿನ ತುದಿ ಹೋಗಿತ್ತು. ಅದರಿಂದ ದಾರವನ್ನು ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ಕೊನೆಯಲ್ಲಿ ಒಂದು ಉಂಗುರದಂಥ ಕುಣಿಕೆ ಹೊರಗೆ ಬಿಟ್ಟು ಎಳೆಯುತ್ತಿದ್ದರು. ಹೂ ಕಟ್ಟುವವರ ಗಂಟು ಎಂದು ವೇಣು ನಗುತ್ತಿದ್ದ. ನಮಗಾರಿಗೂ ಅದು ಬರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆಯೂ ದಾರ ಹಂಚಿದರು.

“ತಗೊಳ್ರಪ್ಪ. ಮುಗೀತು ಅಂದ್ರೆ ಮುಗೀತು.”

“ಭಾವಾ, ಊರಿಂದ ಅತ್ತೆ ಬಂದಿದ್ದಾರೆ. ಇನ್ನೊಂದ್ ದಾರ ಕೊಡಿ,” ಎಂದ ವೇಣು.

“ನಿಮ್ಮತ್ತೆಗೆ ಸಾರು ಸಾಕು ಕಣೋ. ಮೀನಿನ ರುಚಿ ಹತ್ತಿದ್ರೆ ವಾಪಸ್ ಹೋಗಲ್ಲ ಆಯಮ್ಮ.”

ಕೆರೆಯ ಕಾವಲಿನ ಮುನಿಯಪ್ಪ ಅಲ್ಲೇ ಬೀಡಿ ಸೇದುತ್ತ ಕೂತಿದ್ದ. ಕೆರೆಯ ಮೀನನ್ನು ಗುತ್ತಿಗೆ ಹಿಡಿದವರು ಅವನನ್ನು ಕಾವಲಿಗೆ ಇಟ್ಟಿದ್ದರು. ಗಾಳದವರಿಗೆ ಅವರ ಅಡ್ಡಿ ಇರಲಿಲ್ಲ. ಆ ವರ್ಷ ನೀರು ತೀರಾ ತಗ್ಗಿತ್ತು. ದಡದಿಂದ ಒಳಕ್ಕೆ ಬಹಳ ದೂರ ಕಪ್ಪು ಹೂಳು ಬಿರುಕುಬಿಟ್ಟು ಒಣಗಿತ್ತು. ನಡುವೆ ಉಳಿದ ನೀರಿನಲ್ಲಿ ಕೆರೆಯ ಮೀನೆಲ್ಲ ಕೂಡಿಕೊಂಡಿತ್ತು. ಸೋಮವಾರ ಬಲೆ ಎಳೆಸುವುದೆಂದು ನಿಗದಿಯಾಗಿತ್ತು.

“ನೀವು ಇಡುದ್ರೆಷ್ಟು ಬಿಟ್ರೆಷ್ಟು ಸಾಮಿ?” ಎಂದ ಮುನಿಯಪ್ಪ. “ನಾಳೆ ಬಲೆ ಬಿದ್ರೆ ಎಲ್ಲಾ ಒಂದೇ ಪುಟ್ಟಿಗೆ.”

“ನಾಳೇದು ಅವರಿಗೆ ಸೇರಿದ್ದು. ಇವತ್ತಿನ ಕೋಲು ನಂದು,” ಎಂದರು ಭಾವ. ಹಾಗೆಂದರೂ ಆ ಮಾತು ಅವರನ್ನು ಕೊರೆಯುತ್ತಿತ್ತೆಂದು ಈಗ ಅನಿಸುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರು ಕೆರೆಯ ಕಡೆ ನೋಡದೆ ಏರಿಯ ಆಚೆ ನೋಡುತ್ತಿದ್ದರು. ಏರಿಯ ಕೆಳಗೆ ಒಂದು ಹೊಲ, ಅದರಾಚೆ ಇಟ್ಟಿಗೆಗೆ ಮಣ್ಣು ತೆಗೆದ ಹಳೆಯ ಗುಂಡಿಗಳು. ಕೆಂಪು ಜೇಡಿಮಣ್ಣಿನ ಗೋಡೆಗಳು ದೂರದಿಂದಲೇ ಕಾಣುತ್ತಿದ್ದವು.

“ಆ ಗುಂಡೀಲಿ ನೀರು ನಿಂತಿದೆ, ನೋಡಿದ್ಯೇನಯ್ಯ ಪೇಪರಪ್ಪ?” ಎಂದು ನನ್ನನ್ನು ಕೇಳಿದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. ನಾನು ನೋಡಿರಲಿಲ್ಲ. ಆ ಮಾತು ಅಲ್ಲಿಗೆ ನಿಂತಿತು.

ಬಿಸಿಲು ಇಳಿದ ಮೇಲೆ ನಾನೂ ವೇಣುವೂ ಟೀ ಕುಡಿಯಲು ಊರೊಳಗಿನ ಅಂಗಡಿಗೆ ಹೋದೆವು. ಮುನಿಯಪ್ಪನೂ ಜೊತೆಗೆ ಬಂದ. ಹೊರಡುವಾಗ ಭಾವನ ಗೂಟದಲ್ಲಿ ಎರಡು ಮೀನಿದ್ದವು. ಮೂರನೆಯ ದಾರ ಅವರ ಕಿವಿಯ ಮೇಲಿತ್ತು, ಬಡಗಿಯ ಪೆನ್ಸಿಲಿನ ಹಾಗೆ. ಬರುವಾಗ ನನಗೊಂದು ಬನ್ ತನ್ನಿ ಎಂದರು.

ಬನ್ ಹಿಡಿದು ಬಂದಾಗ ದಡದಲ್ಲಿ ಯಾರೂ ಇರಲಿಲ್ಲ.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಮರೆಗೆ ಹೋಗಿರಬೇಕು ಎಂದುಕೊಂಡೆವು. ವೇಣು ಕೂಗಿದ: “ಭಾವಾ, ಬನ್ ಬಂತು! ಬರ್ದಿದ್ರೆ ನಾನೇ ತಿಂತೀನಿ!” ನಾನು ಅವರ ಕೋಲು ಎತ್ತಿ ನೋಡಿದೆ. ಕೊಕ್ಕೆ ಬರಿದಾಗಿತ್ತು, ಎರೆ ತೆಗೆದಿತ್ತು. ಎಂದರೆ ಅವರು ತಾವಾಗಿ ಎದ್ದು ಹೋಗಿದ್ದಾರೆ. ಗೂಟದಲ್ಲಿ ಎರಡೇ ಮೀನು. ಮೂರನೆಯ ದಾರ ಇರಲಿಲ್ಲ. ಆಮೇಲೆ ಚಪ್ಪಲಿ ಕಂಡಿತು. ನೀರಿನ ಕಡೆಗೆ ಮುಖ ಮಾಡಿ ಜೋಡಿಯಾಗಿ ಬಿಟ್ಟಿದ್ದ ಚಪ್ಪಲಿ.

ಮುನಿಯಪ್ಪ ಅದನ್ನು ನೋಡಿ ಬೀಡಿ ಎಸೆದ. “ಊಳು ಸಾಮಿ, ಊಳು,” ಎಂದು ಮಾತ್ರ ಹೇಳಿದ. ನಾವು ಕೂತಿದ್ದ ಗಟ್ಟಿ ಜಾಗ ಬಿಟ್ಟರೆ ನೀರಿನ ಅಂಚಿನ ಹೂಳು ಮೇಲೆ ಗಟ್ಟಿಯಾಗಿ ಕಂಡರೂ ಕೆಳಗೆ ಸೊಂಟದುದ್ದ ಕೆಸರು. ಹಿಂದಿನ ವರ್ಷ ಅಲ್ಲಿ ಎಮ್ಮೆಯೊಂದು ಸಿಕ್ಕಿಕೊಂಡು ಸತ್ತಿತ್ತು.

ಅವನು ಊರ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ಹತ್ತಾರು ಜನ ಬಂದರು. ಒಬ್ಬ ಹರಿಗೋಲು ಇಳಿಸಿದ. ಇನ್ನೊಬ್ಬ ಮನೆಯಿಂದ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡವನ್ನು ಎತ್ತುವ, ಸುತ್ತ ಕೊಕ್ಕೆಗಳಿರುವ ಆ ಕಬ್ಬಿಣವನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆದು ಎಳೆಯತೊಡಗಿದರು. ಪ್ರತಿ ಸಲ ಅದು ಏನಕ್ಕಾದರೂ ತಗುಲಿ ಹಗ್ಗ ಬಿಗಿಯಾದಾಗ ದಡದ ಮೇಲಿನವರೆಲ್ಲ ಬಗ್ಗಿ ನೋಡುತ್ತಿದ್ದರು. ಒಂದು ಸಲ ಜೊಂಡಿನ ಬೇರು ಬಂತು. ಒಂದು ಸಲ ಹರಿದ ಗೋಣಿ ಬಂತು. ಗೋಣಿಯನ್ನು ಭಾವನ ಅಂಗಿ ಎಂದುಕೊಂಡು ವೇಣು ಹಗ್ಗದ ಕಡೆಗೆ ನುಗ್ಗಿದ.

ಅಷ್ಟು ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿ ಗಾಳಿ ಎದ್ದಿತ್ತು. ಜೋರಾದ ಗಾಳಿ, ಕೆರೆಯ ಕಡೆಯಿಂದ ಏರಿಯ ಕಡೆಗೆ. ಬೆಳಕು ಬೇಗ ಹೋಗುತ್ತಿತ್ತು. ಹರಿಗೋಲಿನವನು ಮಳೆ ಬಂದರೆ ತಾನು ನೀರಿನ ಮೇಲೆ ಇರಲಾರೆ ಎಂದ. ಮುನಿಯಪ್ಪ ಅವನನ್ನು ಬೈದ, ಕಾಲಿಗೂ ಬಿದ್ದ.

ನನ್ನ ಸ್ಥಿತಿಯನ್ನು ಇದ್ದ ಹಾಗೆ ಹೇಳಬೇಕು. ಕೆರೆಯಲ್ಲಿ ಮುಳುಗಿ ಸತ್ತವರ ಸುದ್ದಿಯನ್ನು ನಾನು ಎಷ್ಟೋ ಸಲ ಬರೆದಿದ್ದೆ. ಪೊಲೀಸರು ಹೇಳಿದ್ದನ್ನು ಎರಡು ವಾಕ್ಯ ಮಾಡಿ, ಒಂದು ಕಾಲಂನ ಕೆಳಗೆ ಹಾಕುವ ಸುದ್ದಿ. ಆ ಸಂಜೆ ಆ ಎರಡು ವಾಕ್ಯಗಳು ನಾನು ಬೇಡವೆಂದರೂ ತಲೆಯಲ್ಲಿ ಜೋಡಣೆಯಾಗುತ್ತಿದ್ದವು. ಯಶವಂತಪುರದ ಕಾರ್ಖಾನೆಯೊಂದರ ನೌಕರ. ಪತ್ನಿಯನ್ನು ಅಗಲಿದ್ದಾರೆ. ಅಗಲಿದ್ದಾರೆ ಎಂಬ ಪದಕ್ಕೆ ಬಂದು ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತು, “ದೀಪ ಹಚ್ಚೋ ಹೊತ್ತಿಗೆ ಇಬ್ರೂ ಮನೇಲಿರ್ಬೇಕು. ನಂಗೆ ಒಬ್ಳಿಗೇ ಇರಕ್ಕೆ ಭಯ ಆಗತ್ತೆ ಕಣೋ,” ಎಂದಿದ್ದಳು. ದೀಪ ಹಚ್ಚುವ ಹೊತ್ತು ಆಗಿತ್ತು. ನಾನು ಆ ಬಾಗಿಲಿಗೆ ಹೋಗಿ ಏನು ಹೇಳಬೇಕು? ಹೇಳಿದ ಮೇಲೆ ಅವಳಿಗೂ ಹೊಟ್ಟೆಯ ಮಗುವಿಗೂ ಏನಾಗುತ್ತದೆ? ಹೋಗದೆ ಈ ಹೂಳಿನಲ್ಲೇ ನಾನೂ ಇಳಿದುಬಿಡಬಾರದೇಕೆ ಎಂದೂ ಅನ್ನಿಸಿತು. ಒಂದು ಕ್ಷಣವಲ್ಲ, ಸಾಕಷ್ಟು ಹೊತ್ತು.

ಭಾವನ ಕೋಲಿನ ಪಕ್ಕ ಕೂತಿದ್ದೆ. ಅದನ್ನು ಸುತ್ತಿಡು ಎಂದು ಯಾರೋ ಹೇಳಿದರು, ಹರಿಗೋಲಿಗೆ ತೊಡಕಾಗುತ್ತದೆಂದು. ನನ್ನಿಂದಾಗಲಿಲ್ಲ. ಕೋಲು ಸುತ್ತುವುದು ಮನೆಗೆ ಹೊರಡುವಾಗ. ಬರಿದಾದ ಕೊಕ್ಕೆಯನ್ನು ನಾನೇ ಮತ್ತೆ ನೀರಿಗೆ ಬಿಟ್ಟು ಕೋಲನ್ನು ಕವೆಯ ಮೇಲೆ ಮೊದಲಿದ್ದ ಹಾಗೆಯೇ ಇಟ್ಟಿದ್ದೆ.

ಮೊದಲ ದಪ್ಪ ಹನಿಗಳು ಬೀಳುವ ಹೊತ್ತಿಗೆ, ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟಿದ್ದ ಬೆಂಡು ಮುಳುಗಿತು.

ಗಾಳಿಯ ಅಲೆಗೆ ಇರಬೇಕು ಎಂದುಕೊಂಡೆ. ಮೇಲೆ ಬಂತು, ಮತ್ತೆ ಮುಳುಗಿತು, ಈ ಸಲ ಮೇಲೆ ಬರಲಿಲ್ಲ. ಕೋಲಿನ ತುದಿ ಬಾಗಿತು. ಎರೆಯಿಲ್ಲದ ಕೊಕ್ಕೆಗೆ ಮೀನು ಬಾಯಿ ಹಾಕುವುದಿಲ್ಲ. ನನ್ನ ಮನಸ್ಸಿಗೆ ಬಂದದ್ದು ಬೇರೆಯೇ, ಅದನ್ನು ಬರೆಯಲಾರೆ. ಕೋಲು ಹಿಡಿದು ಎಳೆದೆ. ಬಂದದ್ದು ಒಂದು ಗೆಂಡೆ ಮೀನು. ದೊಡ್ಡದು, ಹೊಟ್ಟೆ ಮೊಟ್ಟೆಯಿಂದ ಉಬ್ಬಿತ್ತು. ಕೊಕ್ಕೆ ಅದರ ಬಾಯಿಗೆ ಸಿಕ್ಕಿರಲಿಲ್ಲ. ಅದರ ಬಾಯಿಂದ ಗೋಣಿದಾರವೊಂದು ಇಳಿಬಿದ್ದಿತ್ತು. ಆ ದಾರದ ಕುಣಿಕೆಯಲ್ಲಿ ಕೊಕ್ಕೆ ಸೇರಿಕೊಂಡಿತ್ತು. ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ಉಂಗುರ ಹೊರಗೆ ಬಿಟ್ಟ ಗಂಟು.

“ವೇಣೂ!” ಎಂದು ಕೂಗಿದೆ. ವೇಣುವೂ ಮುನಿಯಪ್ಪನೂ ಓಡಿಬಂದರು. ಇಬ್ಬರೂ ಮೀನನ್ನೂ ಗಂಟನ್ನೂ ನೋಡಿದರು. “ಭಾವಂದೇ,” ಎಂದ ವೇಣು.

ನಾನು ದಾರವನ್ನು ಹಲ್ಲಿನಿಂದ ಕಡಿದು ಮೀನನ್ನು ನೀರಿಗೆ ಬಿಟ್ಟೆ. ಬಾಯಲ್ಲಿ ಮಣ್ಣಿನ ರುಚಿ ಉಳಿಯಿತು. ಅಂಗೈಯಲ್ಲಿದ್ದ ದಾರವನ್ನು ನೋಡಿದೆ. ಕೆರೆಯ ಹೂಳು ಕಪ್ಪು. ಗಂಟಿನ ಸಂದಿಯಲ್ಲಿ, ದಾರದ ಎಳೆಗಳ ನಡುವೆ ಮೆತ್ತಿಕೊಂಡಿದ್ದ ಮಣ್ಣು ಕೆಂಪಾಗಿತ್ತು. ಇಟ್ಟಿಗೆಯ ಕೆಂಪು.

ನಾನು ಏರಿಯ ಕಡೆ ಓಡಿದೆ.

“ಅಲ್ಲಿಗ್ಯಾಕೆ ಓಡ್ತೀರಿ ಸಾಮಿ?” ಎಂದು ಮುನಿಯಪ್ಪ ಹಿಂದಿನಿಂದ ಅರಚಿದ. “ಚಪ್ಲಿ ಇಲ್ಲೈತೆ, ಮನ್ಸ ಅಲ್ಲಿರ್ತಾನಾ?” ಯಾರೋ, “ಪಾಪ, ತಲೆ ಕೆಟ್ಟೋಯ್ತು ಇಡ್ಕಳಿ,” ಎಂದರು. ಬಹುಶಃ ನನ್ನನ್ನು ಹಿಡಿಯಲೆಂದೇ ನಾಲ್ಕೈದು ಜನ ಹಿಂದೆ ಬಂದರು. ಅದೇ ಒಳ್ಳೆಯದಾಯಿತು. ನಾನೊಬ್ಬನೇ ಹೋಗಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ಮೂರನೆಯ ಗುಂಡಿಯಲ್ಲಿ ಭಾವ ಇದ್ದರು. ಗುಂಡಿಯ ಒಂದು ಗೋಡೆ ಕುಸಿದು ಅವರನ್ನು ಎದೆಯವರೆಗೆ ಹೂತುಹಾಕಿತ್ತು. ಮುಂದೆ ನಿಂತ ನೀರು ಗದ್ದಕ್ಕೆ ತಾಗುತ್ತಿತ್ತು. ಮಳೆ ಈಗ ಧಾರಾಕಾರವಾಗಿ ಸುರಿಯುತ್ತಿತ್ತು. ನಾಲ್ಕು ಕಡೆಯಿಂದಲೂ ಕೆಂಪು ನೀರು ಗುಂಡಿಗೆ ಇಳಿಯುತ್ತಿತ್ತು. ಅವರ ಕಣ್ಣು ತೆರೆದಿತ್ತು, ಆದರೆ ನಾನು ಯಾರೆಂದು ಗುರುತು ಹತ್ತಲಿಲ್ಲ. ಮುನಿಯಪ್ಪ ಪೇಟ ಬಿಚ್ಚಿ ಅವರ ಕಂಕುಳ ಕೆಳಗೆ ಕಟ್ಟಿದ. ಒಬ್ಬ ಅವರ ತಲೆಯನ್ನು ನೀರಿನಿಂದ ಎತ್ತಿ ಹಿಡಿದ. ಉಳಿದವರು ಕೈಯಿಂದ, ತಟ್ಟೆಯಿಂದ, ಸಿಕ್ಕಿದ್ದರಿಂದ ಮಣ್ಣು ಬಗೆದೆವು. ನಾವು ಬಗೆದಷ್ಟೂ ಮಣ್ಣು ಜಾರಿ ಬರುತ್ತಿತ್ತು. ನೀರು ಒಮ್ಮೆ ಅವರ ಬಾಯಿಗೆ ಬಂತು. ವೇಣು ಅಳುತ್ತಲೇ ಅವರಿಗೆ ಬೈಯುತ್ತಿದ್ದ. “ಬಾಯಿ ಮುಚ್ಕೊಳ್ಳಿ ಭಾವಾ, ಮೂಗಲ್ಲಿ ಉಸಿರಾಡಿ! ಇಂಥಾ ಗುಂಡೀಲಿ ಯಾರಾದ್ರೂ ಸಾಯ್ತಾರೇನ್ರೀ!”

ಹೊರಗೆ ಎಳೆದಾಗ ಅವರ ಎಡಗಾಲು ಮುರಿದಿತ್ತು. ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಅಕ್ಕನಿಗೆ ನಾನು ಹೋಗಿ ಹೇಳಬೇಕಾದದ್ದು ಕಾಲು ಮುರಿದ ಸುದ್ದಿ. ಅದನ್ನು ಹೇಳುವಾಗ ನಾನು ನಗುತ್ತಿದ್ದೆನಂತೆ. ಅಕ್ಕ ಅದನ್ನು ಇಂದಿಗೂ ಕ್ಷಮಿಸಿಲ್ಲ.

ನಡೆದದ್ದನ್ನು ಭಾವ ಎರಡು ದಿನ ಬಿಟ್ಟು ಹೇಳಿದರು. ನಾವು ಟೀಗೆ ಹೋದ ಕೂಡಲೆ ಗೆಂಡೆ ಸಿಕ್ಕಿತು. ದಾರ ಕಟ್ಟಿದ ಮೇಲೆ ಹೊಟ್ಟೆ ನೋಡಿದರು. ಮೊಟ್ಟೆ ಮೀನು. ಬಿಚ್ಚಲು ಹೋದರೆ ಒದ್ದೆ ಗಂಟು ಬಿಚ್ಚಲಿಲ್ಲ. ಕೆರೆಗೇ ಬಿಟ್ಟರೆ ನಾಳೆ ಬಲೆಗೆ ಬೀಳುತ್ತದೆ. ಇಟ್ಟಿಗೆ ಗುಂಡಿಯ ನೀರಿಗೆ ಬಲೆ ಬರುವುದಿಲ್ಲ, ಮಳೆಗಾಲದವರೆಗೆ ಬದುಕಿಕೊಂಡರೆ ಆಮೇಲೆ ತಂದು ಕೆರೆಗೆ ಬಿಡಬಹುದು, ಗುರುತಿಗೆ ದಾರ ಬಾಯಲ್ಲೇ ಇರಲಿ ಎಂದು ಲೆಕ್ಕ ಹಾಕಿದರು. ಎರೆ ತೆಗೆದು, ಗುಂಡಿಯ ಜೇಡಿಯಲ್ಲಿ ಜಾರೀತೆಂದು ಚಪ್ಪಲಿ ಬಿಟ್ಟು, ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಏರಿ ದಾಟಿದರು. ಗುಂಡಿಯೊಳಗೆ ಇಳಿದು, ನೀರಿನಲ್ಲಿ ಹಿಡಿದು, ಅದು ತಾನಾಗಿ ಜಾರಿಹೋಗುವವರೆಗೆ ಕಾದರು. ಹಾಗೆ ಬಗ್ಗಿ ಕಾಯುತ್ತಿದ್ದಾಗ ಹಿಂದಿನ ಗೋಡೆ ಕುಸಿಯಿತು.

“ಮೀನು ಗುಂಡೀಲಿ ಬಿಟ್ರೋ, ಕೆರೇಲೋ?” ಎಂದು ನಾನು ಕೇಳಿದೆ.

“ಗುಂಡೀಲಿ ಕಣಯ್ಯ. ಕೆರೇಲಿ ಬಿಡೋದಾಗಿದ್ರೆ ಅಷ್ಟು ದೂರ ಯಾಕ್ ಹೋಗ್ತಿದ್ದೆ?”

ಅದೇ ವಾರ ನಾನು ಆ ಜಾಗಕ್ಕೆ ಹಿಂತಿರುಗಿ ಹೋದೆ. ಟವೆಲು ಗುಂಡಿಯ ಮಣ್ಣಿನಲ್ಲಿ ಸಿಕ್ಕಿತು. ಗುಂಡಿಗಳು ಕೆರೆಗಿಂತ ತಗ್ಗಿನಲ್ಲಿವೆ. ನಡುವೆ ಒಂದು ಹೊಲ, ಅದರಾಚೆ ಆಳೆತ್ತರಕ್ಕೂ ಮೀರಿದ ಏರಿ. ಕೆರೆಯಿಂದ ನೀರು ಬಿಡುವ ತೂಬು ಆ ಬೇಸಿಗೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ನಿಂತಿತ್ತು. ಅದರ ಬಾಯಿಯಲ್ಲಿ ಜೇಡ ಕಟ್ಟಿದ ಬಲೆ ಹರಿಯದೆ ಹಾಗೇ ಇತ್ತು. ಬೆಂಡು ಮುಳುಗಿದಾಗ ಮಳೆ ಆಗಷ್ಟೇ ಶುರುವಾಗಿತ್ತು. ಹೊಲದಲ್ಲಿ ನೀರು ಹರಿದಿರಲಿಲ್ಲ.

ಮೀನಿನ ವಿಷಯ ಬಲ್ಲ ಒಬ್ಬ ಪರಿಚಿತರನ್ನು ಕೇಳಿದೆ. ಕೊರವ ಮೀನಾದರೆ ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳೀತು, ಗೆಂಡೆ ತೆವಳುವುದಿಲ್ಲ ಎಂದರು. ನೀವು ನೋಡಿದ್ದು ಗೆಂಡೆಯೇ ಎಂದು ಖಾತ್ರಿಯೇ ಎಂದು ಕೇಳಿದರು. ಖಾತ್ರಿ. ಮೂವರು ನೋಡಿದ್ದೇವೆ. ವೇಣು ತನ್ನದೇ ಒಂದು ವಿವರಣೆ ಕಂಡುಕೊಂಡಿದ್ದಾನೆ: ಹದ್ದು ಗುಂಡಿಯಿಂದ ಮೀನನ್ನು ಎತ್ತಿ, ಭಾರ ತಾಳದೆ ಕೆರೆಗೆ ಬೀಳಿಸಿತು. ಆಗಬಹುದು. ಮೀನಿನ ಮೈಮೇಲೆ ಉಗುರಿನ ಗುರುತು ನಾನು ನೋಡಲಿಲ್ಲ; ಅದನ್ನು ಹುಡುಕುವಷ್ಟು ಹೊತ್ತು ಅದನ್ನು ಹಿಡಿದುಕೊಂಡಿರಲೂ ಇಲ್ಲ. ಹದ್ದೇ ಬೀಳಿಸಿತೆಂದು ಇಟ್ಟುಕೊಂಡರೂ, ಅಷ್ಟು ನೀರಿನಲ್ಲಿ ಆ ಒಂದು ಕೋಲಿನ ಬರಿಯ ಕೊಕ್ಕೆಗೆ ಅದರ ಕುಣಿಕೆ ಬಂದು ಸೇರಿದ್ದನ್ನು ವೇಣುವೂ ವಿವರಿಸಲಾರ. ಮುನಿಯಪ್ಪನನ್ನು ಕೇಳಿದಾಗ ಅವನು, “ನಂಗ್ಯಾಕೆ ಕೇಳ್ತೀರಿ ಸಾಮಿ, ನೀವು ಓದ್ದೋರು,” ಎಂದು ಎದ್ದುಹೋದ.

ಆ ಮಳೆಗೆ ಕೆರೆಗೆ ನೀರು ಬಂದು ಸೋಮವಾರದ ಬಲೆ ನಿಂತಿತು. ಆಮೇಲೆ ಬಲೆ ಎಳೆದಾಗ, ಬಾಯಲ್ಲಿ ದಾರದ ಗಾಯವಿದ್ದ ಗೆಂಡೆಯೇನಾದರೂ ಬಂತೇ ಎಂದು ಮುನಿಯಪ್ಪನನ್ನು ಕೇಳಿದ್ದೆ. ಬರಲಿಲ್ಲ ಎಂದ. ಅಕ್ಕನಿಗೆ ಆಷಾಢದಲ್ಲಿ ಹೆಣ್ಣುಮಗು ಹುಟ್ಟಿತು. ಗುಂಡಿಗಳನ್ನು ಮುಚ್ಚಿ ಈಗ ಅಲ್ಲಿ ನಿವೇಶನದ ಕಲ್ಲು ನೆಟ್ಟಿದ್ದಾರೆ. ದಾರದ ತುಂಡು ನನ್ನ ಬಳಿ ಇದೆ. ಅದರ ಕೆಂಪು ಹೋಗಿಲ್ಲ.

ಹೋದ ತಿಂಗಳು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಭಾವ ಮುದ್ದೆ ಮುರಿಯುತ್ತ, ಯಾವುದೋ ಮಾತಿನ ನಡುವೆ ಹೇಳಿದರು:

“ಒಂದ್ ವಿಷ್ಯ ನಿಂಗೆ ಹೇಳಿರ್ಲಿಲ್ಲ ಪೇಪರಪ್ಪ. ನೀನು ಪೇಪರ್‌ಗೆ ಹಾಕ್ಬಿಡ್ತೀಯ ಅಂತ. ಮಣ್ಣು ಬಿದ್ಮೇಲೆ ಆ ಮೀನು ದೂರ ಹೋಗ್ಲಿಲ್ಲ. ನನ್ ಮುಂದೇನೇ ಸುತ್ತುತಾ ಇತ್ತು, ದಾರ ಕಾಣ್ತಿತ್ತು. ಕೂಗಿ ಕೂಗಿ ನನ್ ಗಂಟ್ಲು ಹೋಗಿತ್ತು. ನಿಮಗ್ಯಾರ್ಗೂ ಕೇಳ್ಸಿಲ್ಲ. ನೀನಾದ್ರೂ ಹೋಗಿ ಹೇಳೇ, ಅಂದೆ ಅದಕ್ಕೆ. ಸುಮ್ನೆ, ಬಾಯಿಗೆ ಬಂತು, ಅಂದೆ. ಆಮೇಲೆ ಅದು ಕಾಣ್ಲಿಲ್ಲ.”

ಅಕ್ಕ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಳು.

ಅದರ ಮುಂದಿನ ಭಾನುವಾರ ಕೆರೆಗೆ ಹೋದೆವು. ಭಾವ ಈಗ ಸ್ವಲ್ಪ ಕುಂಟುತ್ತಾರೆ. ದಡದಲ್ಲಿ ಕೂತು ಜೇಬಿನಿಂದ ಗೋಣಿದಾರ ತೆಗೆದರು. ನನಗೆ ಮೂರು ಕೊಟ್ಟರು, ವೇಣುವಿಗೆ ಮೂರು ಕೊಟ್ಟರು. ತಾವು ಎರಡು ಇಟ್ಟುಕೊಂಡರು.